ಹಣೆಯ ಬಲದಲ್ಲಿ ತೆರೆದ ಕಣ್ಣು

ಹುಟ್ಟಿನಿಂದಲೇ ಮೇಲ್ರೆಪ್ಪೆ ಜೋತುಬಿದ್ದಿರುವ ಮಗುವನ್ನು ಸ್ವಲ್ಪ ಹೊತ್ತು ಗಮನಿಸಿ. ಕರೆದರೆ ಗಲ್ಲ ಮೇಲೆತ್ತಿ ನೋಡುತ್ತದೆ. ಹಣೆ ನೆರಿಗೆಗಟ್ಟುತ್ತದೆ, ಹುಬ್ಬು ಏರುತ್ತದೆ, ಅದರ ಸೆಳೆತಕ್ಕೆ ರೆಪ್ಪೆಯೂ ಕೊಂಚ ಮೇಲೆ ಸರಿದು ಕಣ್ಣಪಾಪೆ ಇಣುಕುತ್ತದೆ. ಯಾರೂ ಹೇಳಿಕೊಡದೆ ಮಗು ಕಂಡುಕೊಂಡ ಈ ಉಪಾಯವೇ ಒಂದು ಶಸ್ತ್ರಚಿಕಿತ್ಸೆಯ ಮೂಲತತ್ತ್ವ. ಅದನ್ನು ಕೈಗೂಡಿಸಿಕೊಳ್ಳಲು ವೈದ್ಯಲೋಕಕ್ಕೆ ಶತಮಾನಗಳೇ ಹಿಡಿದವು.

ಬಸುರಿ ಗ್ರಹಣದ ಹೊತ್ತಿಗೆ ಹೊರಗೆ ಬಂದದ್ದರಿಂದ ಹೀಗಾಯಿತು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ತಾಯಿಯ ಮೇಲೆ ಹೊರಿಸುವ ಈ ತಪ್ಪು ಅನ್ಯಾಯದ್ದು. ರೆಪ್ಪೆಯನ್ನು ಎತ್ತುವ ಲಿವೇಟರ್ ಎಂಬ ಸ್ನಾಯು ಗರ್ಭದಲ್ಲೇ ಸರಿಯಾಗಿ ಬೆಳೆದಿರುವುದಿಲ್ಲ. ಸ್ನಾಯುವಿನ ಎಳೆಗಳಿರಬೇಕಾದ ಜಾಗದಲ್ಲಿ ನಾರು, ಕೊಬ್ಬು ತುಂಬಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕಾರಣ ಇಷ್ಟೇ. ವೈದ್ಯರು ಇದನ್ನು ಟೋಸಿಸ್ ಎನ್ನುತ್ತಾರೆ.

ಚಲನೆ ಕಳೆದುಕೊಂಡ ರೆಪ್ಪೆಯನ್ನು ಸುಶ್ರುತ ಸಂಹಿತೆ 'ವಾತಹತವರ್ತ್ಮ' ಎಂದು ಹೆಸರಿಸಿ, ಅಸಾಧ್ಯ ರೋಗಗಳ ಪಟ್ಟಿಗೆ ಸೇರಿಸಿತ್ತು. ಮುಂದೆ ರೆಪ್ಪೆಯ ಚರ್ಮದ ಒಂದು ಪಟ್ಟಿ ಕತ್ತರಿಸಿ ಹೊಲಿಯುವುದು ರೂಢಿಯಾಯಿತು. ಚರ್ಮ ಗಿಡ್ಡವಾಯಿತೇ ಹೊರತು ಎತ್ತುವ ಬಲವೇನೂ ಬರಲಿಲ್ಲ.

ಚರ್ಮ ಬಿಟ್ಟು ಸ್ನಾಯುವಿಗೇ ಕೈಹಾಕಿದವರು ಲಂಡನ್ನಿನ ವಿಲಿಯಂ ಬೌಮನ್. 1857ರಲ್ಲಿ ಅವರು ರೆಪ್ಪೆಯ ಒಳಮಗ್ಗುಲಿನಿಂದ ಲಿವೇಟರನ್ನು ಮೊಟಕುಗೊಳಿಸುವ ವಿಧಾನ ವಿವರಿಸಿದರು. 1883ರಲ್ಲಿ ಜರ್ಮನಿಯ ಎವರ್‌ಬುಶ್ ಅದೇ ಸ್ನಾಯುವನ್ನು ಹೊರಗಿನಿಂದ ತಲುಪಿದರು. ಆದರೆ ಸ್ನಾಯುವಿನಲ್ಲಿ ಕಸುವೇ ಇಲ್ಲದಿದ್ದರೆ ಮೊಟಕುಗೊಳಿಸಿ ಏನು ಫಲ? ಅಂಥ ರೆಪ್ಪೆಗೆ ಬೇರೆಡೆಯಿಂದ ಬಲ ತರಬೇಕಿತ್ತು. ಅದು ಸಿಕ್ಕಿದ್ದು ಹಣೆಯ ಸ್ನಾಯುವಿನಲ್ಲಿ. 1880ರಲ್ಲಿ ಫ್ರಾನ್ಸಿನ ಡ್ರಾನ್ಸಾರ್ ರೆಪ್ಪೆಯನ್ನು ಹೊಲಿಗೆಯ ದಾರದಿಂದ ಹುಬ್ಬಿಗೆ ಕಟ್ಟಿದರು. 1909ರಲ್ಲಿ ಎರ್ವಿನ್ ಪಾಯರ್ ದಾರದ ಬದಲು ರೋಗಿಯ ತೊಡೆಯ ಗಟ್ಟಿ ಪೊರೆಯನ್ನೇ ಬಳಸಿದರು. ಕೆನಡಾದ ಟೊರೊಂಟೊದಲ್ಲಿ ಮಕ್ಕಳ ಕಣ್ಣಿನ ವೈದ್ಯರಾಗಿದ್ದ ಕ್ರಾಫರ್ಡ್ 1956ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ರೆಪ್ಪೆಯಂಚಿನ ಮೇಲೆ ಮೂರು, ಹುಬ್ಬಿನ ಬಳಿ ಮೂರು ಸಣ್ಣ ಗಾಯ. ಅವುಗಳ ನಡುವೆ ಚರ್ಮದಡಿ ಪೊರೆಯ ಪಟ್ಟಿ ತೂರಿಸಿ, ಎತ್ತರ ಹೊಂದಿಸಿ ಗಂಟು.

ಯಾವ ಮಗುವಿಗೆ ಯಾವ ದಾರಿ ಎಂಬುದನ್ನು ಒಂದು ಅಳತೆಪಟ್ಟಿ ಹೇಳುತ್ತದೆ. ವೈದ್ಯರು ಹೆಬ್ಬೆರಳಿನಿಂದ ಹುಬ್ಬನ್ನು ಒತ್ತಿಹಿಡಿದು, ಕೆಳಗೆ ನೋಡು, ಮೇಲೆ ನೋಡು ಎನ್ನುತ್ತಾರೆ. ಆರೋಗ್ಯವಂತ ರೆಪ್ಪೆ ಸುಮಾರು 15 ಮಿ.ಮೀ. ಏರುತ್ತದೆ. ಚಲನೆ 4 ಮಿ.ಮೀ. ಅಥವಾ ಅದಕ್ಕೂ ಕಡಿಮೆಯಿದ್ದರೆ ಸಾಮಾನ್ಯವಾಗಿ ಹಣೆಗೆ ಕಟ್ಟುವ ಜೋಲಿ, ಹೆಚ್ಚಿದ್ದರೆ ಸ್ನಾಯು ಬಿಗಿಗೊಳಿಸುವಿಕೆ. ತೊಡೆಯ ಪೊರೆ ತೆಗೆಯಲು ಮಗುವಿಗೆ ಮೂರು–ನಾಲ್ಕು ವರ್ಷವಾಗಿರಬೇಕು. ಅಷ್ಟು ಕಾಯುವಂತಿಲ್ಲದಿದ್ದರೆ ಸಿಲಿಕೋನ್ ಎಳೆ ಇದೆ.

ಕಾಯಬಾರದ ಕಾರಣ ಮಿದುಳಿನಲ್ಲಿದೆ. ರೆಪ್ಪೆ ಪಾಪೆಯನ್ನು ಮುಚ್ಚಿದರೆ ಆ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಕಲಿಯುವ ಕಾಲ ಮೊದಲ ಏಳೆಂಟು ವರ್ಷ. ಆಮೇಲೆ ರೆಪ್ಪೆ ಎತ್ತಿದರೂ ಕಳೆದ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಶಸ್ತ್ರಚಿಕಿತ್ಸೆಯ ನಂತರ ನಿದ್ದೆಯಲ್ಲಿ ಕಣ್ಣು ಕೊಂಚ ತೆರೆದೇ ಇರಬಹುದು, ರಾತ್ರಿ ಮುಲಾಮು ಹಚ್ಚಬೇಕು, ಕೆಲವರಿಗೆ ಕನ್ನಡಕವೂ ಬೇಕು. ದೃಷ್ಟಿ ಉಳಿಯುವುದರ ಎದುರು ಇವೆಲ್ಲ ದೊಡ್ಡ ತೊಡಕಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಿಸುತ್ತವೆ. ನಮ್ಮ ದಕ್ಷಿಣ ಕನ್ನಡದಲ್ಲಾದರೆ ವಿಟ್ಲದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಕಲ್ಲಡ್ಕ ದಾಟಿ ಹೋದರೆ ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿವೆ. ಮನೆಯಲ್ಲೋ ನೆರೆಯಲ್ಲೋ ಗಲ್ಲವೆತ್ತಿ ನೋಡುವ ಮಗುವಿದ್ದರೆ, ದೊಡ್ಡದಾದಂತೆ ತಾನಾಗಿ ಸರಿಹೋದೀತು ಎಂದು ಕಾಯಬೇಡಿ. ಈ ತಿಂಗಳೇ ಕಣ್ಣಿನ ವೈದ್ಯರಿಗೆ ತೋರಿಸಿ.