ಹಿಮಕ್ರೀಡೆಗಳೂ ಅವುಗಳ ಮುಂದಾಳುಗಳೂ

೨೦೧೪ನೆಯ ಇಸವಿ ಫೆಬ್ರವರಿ ೭ನೆಯ ತಾರೀಖು ರಷ್ಯಾ ದೇಶದ ಸೋಚಿ ಪಟ್ಟಣದಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡಾಮಹೋತ್ಸವವು ಪ್ರಾರಂಭವಾದಾಗ, ಎಂಬತ್ತಕ್ಕೂ ಮಿಕ್ಕ ರಾಷ್ಟ್ರಗಳ ತಂಡಗಳು ತಂತಮ್ಮ ಬಾವುಟಗಳನ್ನು ಮುಂದಿಟ್ಟುಕೊಂಡು ಮೆರವಣಿಗೆಯಲ್ಲಿ ಸಾಗಿದುವು. ಭಾರತದಿಂದ ಹೋಗಿದ್ದ ಸ್ಪರ್ಧಾಳುಗಳು ಮೂವರು: ಮನಾಲಿಯ ಕಡೆಯ ಶಿವ ಕೇಶವನ್, ಹಿಮಾಂಶು ಠಾಕೂರ್ ಮತ್ತು ಸೈನಿಕರಾದ ನದೀಮ್ ಇಕ್ಬಾಲ್. ಈ ತಂಡದ ಮುಂದೆ ತ್ರಿವರ್ಣ ಧ್ವಜವಿರಲಿಲ್ಲ. ಐದು ಬಳೆಗಳ ಒಲಿಂಪಿಕ್ ಬಾವುಟದ ಹಿಂದೆ, 'ಸ್ವತಂತ್ರ ಸ್ಪರ್ಧಿಗಳು' ಎಂಬ ಹೆಸರಿನಲ್ಲಿ, ದೇಶವಿಲ್ಲದವರಂತೆ ಅವರು ಕಾಣಿಸಿಕೊಳ್ಳಬೇಕಾಯಿತು. ಸ್ವಾತಂತ್ರ್ಯ ಲಭಿಸಿ ಅರುವತ್ತಾರು ವರ್ಷ ಕಳೆದಿದ್ದ ರಾಷ್ಟ್ರವೊಂದಕ್ಕೆ ಇದಕ್ಕಿಂತ ಹೆಚ್ಚಿನ ಅವಮಾನವನ್ನು ಪರಕೀಯರು ಮಾಡಬಲ್ಲರೆಂದು ನಮಗೆ ತೋರುವುದಿಲ್ಲ. ಆದರೆ ಇದನ್ನು ಮಾಡಿದವರು ಪರಕೀಯರಲ್ಲವೆಂಬುದೇ ಇಲ್ಲಿನ ವಿಷಾದಕರವಾದ ಸಂಗತಿ.

ನಡೆದುದಿಷ್ಟು. ನಮ್ಮ ದೇಶದ ಕ್ರೀಡಾಸಂಸ್ಥೆಗಳಿಗೆಲ್ಲ ಮೇಲಿನದಾದ ಇಂಡಿಯನ್ ಒಲಿಂಪಿಕ್ ಅಸೋಸಿಯೇಷನ್ನು ೨೦೧೨ನೆಯ ಡಿಸೆಂಬರಿನಲ್ಲಿ ತನ್ನ ಪದಾಧಿಕಾರಿಗಳ ಚುನಾವಣೆಗೆ ಹೊರಟಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು ಆ ಚುನಾವಣೆಯ ಕ್ರಮವು ತಮ್ಮ ನಿಬಂಧನೆಗಳಿಗೆ ವಿರುದ್ಧವಾದುದೆಂದೂ ಅದರಲ್ಲಿ ಸರ್ಕಾರದ ಕೈವಾಡವಿರುವುದೆಂದೂ ಎಚ್ಚರಿಸಿ, ೪ನೆಯ ತಾರೀಖು ಆ ಸಂಸ್ಥೆಯನ್ನು ಅಮಾನತಿನಲ್ಲಿಟ್ಟರು. ಮಾರನೆಯ ದಿನವೇ ನಮ್ಮವರು ಚುನಾವಣೆಯನ್ನು ನಡೆಸಿಯೇ ಬಿಟ್ಟರು! ಕಾರ್ಯದರ್ಶಿಯ ಸ್ಥಾನಕ್ಕೆ ಅವಿರೋಧವಾಗಿ ಆರಿಸಲ್ಪಟ್ಟವರು ೨೦೧೦ರ ಕಾಮನ್‌ವೆಲ್ತ್ ಕ್ರೀಡಾಕೂಟದ ವ್ಯವಹಾರದಲ್ಲಿ ಆರೋಪಕ್ಕೊಳಗಾಗಿ, ಬಂಧನದಲ್ಲಿದ್ದು, ಜಾಮೀನಿನ ಮೇಲೆ ಹೊರಬಂದಿದ್ದ ಗೃಹಸ್ಥರು. ಆ ಮೊಕದ್ದಮೆಯ ನ್ಯಾಯಾನ್ಯಾಯಗಳು ನ್ಯಾಯಸ್ಥಾನಕ್ಕೆ ಸೇರಿದುವು. ನಮಗೆ ಅವು ಬೇಡ. ದೋಷಾರೋಪಣ ಪತ್ರಕ್ಕೆ ಒಳಗಾದವರು ಪದವಿಗೆ ನಿಲ್ಲಕೂಡದೆಂಬ ನಿಬಂಧನೆಯನ್ನು ಒಪ್ಪಲು ನಮ್ಮ ಸಂಸ್ಥೆಯವರಿಗೆ ಪೂರ್ತಿ ಒಂದು ವರ್ಷ ಹಿಡಿಯಿತು. ೨೦೧೩ರ ಡಿಸೆಂಬರಿನಲ್ಲಿ ನಿಬಂಧನೆಯನ್ನು ತಿದ್ದಿದರು. ಹೊಸ ಚುನಾವಣೆಗೆ ಗೊತ್ತುಮಾಡಿದ ದಿನವಾದರೂ ಯಾವುದು? ಫೆಬ್ರವರಿ ೯, ಎಂದರೆ ಸೋಚಿಯಲ್ಲಿ ಬಾವುಟವೇರಿದ ಮೂರನೆಯ ದಿನ.

ವಾಚಕರು ಈ ತಾರೀಖನ್ನು ಗಮನಿಸಬೇಕು. ಕೇಶವನ್ನರ ಸ್ಪರ್ಧೆ ನಡೆದುದು ಫೆಬ್ರವರಿ ೮ ಮತ್ತು ೯ರಂದು. ದೆಹಲಿಯಲ್ಲಿ ಪದಾಧಿಕಾರಿಗಳು ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದ ದಿನವೇ ಆತನು ಸೋಚಿಯ ಮಂಜಿನ ಕಾಲುವೆಯಲ್ಲಿ ತನ್ನ ಕಡೆಯ ಓಟವನ್ನು ಮುಗಿಸಿದನು. ೧೧ನೆಯ ತಾರೀಖು ಅಮಾನತು ತೆರವಾಯಿತು. ೧೪ರಂದು ಓಡಿದ ಇಕ್ಬಾಲರಿಗೂ ೧೯ರಂದು ಇಳಿದ ಠಾಕೂರರಿಗೂ ದೇಶದ ಹೆಸರು ದೊರೆಯಿತು; ಮುಕ್ತಾಯದ ಉತ್ಸವದಲ್ಲಿ ನಮ್ಮ ಧ್ವಜವೂ ಕಾಣಿಸಿತು. ಹದಿನಾರು ವರ್ಷಗಳಿಂದ ಆ ಧ್ವಜವನ್ನು ಹಿಮದ ಮೇಲೆ ಹೊತ್ತಿದ್ದವನೊಬ್ಬನಿಗೆ ಮಾತ್ರ ಅದು ಎರಡು ದಿನ ತಡವಾಗಿ ಬಂದಿತು. ಚುನಾವಣೆಯನ್ನು ಎರಡು ವಾರ ಮೊದಲು ಇಟ್ಟುಕೊಳ್ಳಲು ಯಾವ ಗ್ರಹಚಾರ ಅಡ್ಡವಾಗಿದ್ದಿತೋ ನಾವರಿಯೆವು.

ಈ ಕೇಶವನ್ ಯಾರೆಂಬುದನ್ನು ನಮ್ಮ ಕಡೆಯವರಿಗೆ ಕೊಂಚ ವಿವರಿಸಬೇಕು. ಆತನ ಕ್ರೀಡೆಗೆ ಲೂಜ್ ಎಂದು ಹೆಸರು. ಚಿಕ್ಕದೊಂದು ಜಾರುಗಾಡಿಯ ಮೇಲೆ ಅಂಗಾತವಾಗಿ ಮಲಗಿ, ಕಾಲು ಮುಂದುಮಾಡಿ, ಮಂಜುಗಡ್ಡೆ ಕಟ್ಟಿದ ತಿರುವುಮುರುವಿನ ಕಾಲುವೆಯಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಿಂದ ಧುಮುಕುವುದೇ ಈ ಆಟ. ಅಂಥ ಕಾಲುವೆ ಭಾರತದಲ್ಲಿ ಒಂದೂ ಇಲ್ಲ. ಆದುದರಿಂದ ಆತನು ಗಾಡಿಗೆ ಚಕ್ರಗಳನ್ನು ಕಟ್ಟಿ, ಹಿಮಾಲಯದ ಘಟ್ಟದ ರಸ್ತೆಗಳಲ್ಲಿ, ಲಾರಿಗಳ ಮತ್ತು ಕುರಿಮಂದೆಗಳ ನಡುವೆ, ಅಭ್ಯಾಸಮಾಡಿದನು. ೧೯೯೮ರಲ್ಲಿ ಜಪಾನಿನ ನಾಗಾನೋದಲ್ಲಿ ಹದಿನಾರನೆಯ ವಯಸ್ಸಿಗೆ ಇಳಿದು ೨೮ನೆಯ ಸ್ಥಾನ ಪಡೆದನು. ಅಲ್ಲಿಂದ ಲಾಗಾಯಿತು ೨೦೧೮ರವರೆಗೆ ಆರು ಒಲಿಂಪಿಕ್ ಕೂಟಗಳು. ೨೦೧೧ ಮತ್ತು ೨೦೧೨ರಲ್ಲಿ ಏಷ್ಯಾ ಖಂಡದ ಪ್ರಥಮ ಬಹುಮಾನ. ಗಾಡಿಯ ವೆಚ್ಚಕ್ಕೆ ಸಾರ್ವಜನಿಕರಿಂದ ಚಂದಾ ಎತ್ತಬೇಕಾಗಿ ಬಂದ ಸಂದರ್ಭಗಳೂ ಉಂಟು. ಅರ್ಜುನ ಪ್ರಶಸ್ತಿ ಬಂದುದು ೨೦೨೦ರಲ್ಲಿ, ಆಟದಿಂದ ನಿವೃತ್ತನಾದ ಮೇಲೆ.

ಇಷ್ಟಕ್ಕೂ ರಾಷ್ಟ್ರೀಯ ಹಿಮಕ್ರೀಡಾ ಸಂಸ್ಥೆಯೊಂದರ ಮುಂದಾಳುಗಳು ಮಾಡತಕ್ಕ ಕೆಲಸವೇನು? ಅಧ್ಯಕ್ಷರು ಬಹುಮಾನ ಹಂಚುವರು, ಕಾರ್ಯದರ್ಶಿಗಳು ವಂದನೆ ಸಮರ್ಪಿಸುವರು ಎಂದು ಅನೇಕರ ಭಾವನೆ. ವಾಸ್ತವ ಸ್ಥಿತಿ ಬೇರೆ. ಸ್ಕೀ ಪಂದ್ಯಗಳಲ್ಲಿ ಒಲಿಂಪಿಕ್ ಪ್ರವೇಶಕ್ಕೆ ಅರ್ಹನಾಗಬೇಕಾದರೆ ಅಂತರರಾಷ್ಟ್ರೀಯ ಸ್ಕೀ ಸಂಘದವರು ಎಣಿಸುವ ಅಂಕಗಳು ಗೊತ್ತಾದ ಮಿತಿಯೊಳಗಿರಬೇಕು. ಈ ಅಂಕಗಳ ಲೆಕ್ಕವು ಕ್ರಿಕೆಟ್ಟಿಗೆ ವಿಪರೀತವಾದುದು, ಕಡಮೆಯಾದಷ್ಟೂ ಉತ್ತಮ. ಆ ಸಂಘದ ಪಟ್ಟಿಗೆ ಸೇರಿದ ಪಂದ್ಯಗಳಲ್ಲಿ ಓಡಿದ ಹೊರತು ಅಂಕಗಳು ಸಿಕ್ಕವು. ಆ ಪಂದ್ಯಗಳಿಗೆ ಯಾವ ಆಟಗಾರನೂ ಸ್ವಂತವಾಗಿ ದರ್ಖಾಸ್ತು ಹಾಕುವಂತಿಲ್ಲ. ಅವನ ರಾಷ್ಟ್ರೀಯ ಸಂಸ್ಥೆಯೇ ಹೆಸರನ್ನು ಕಳುಹಿಸಬೇಕು. ಗುಲ್ಮಾರ್ಗದ ಹುಡುಗನೊಬ್ಬನು ಪ್ರಾತಃಕಾಲದಿಂದ ಸಾಯಂಕಾಲದವರೆಗೆ ಬೆಟ್ಟವನ್ನು ಹತ್ತಿ ಇಳಿದರೂ, ದೂರದ ಕಛೇರಿಯಲ್ಲಿ ಒಬ್ಬರು ಸಕಾಲದಲ್ಲಿ ಒಂದು ಸಹಿ ಹಾಕದಿದ್ದರೆ ಅವನ ಆ ವರ್ಷದ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತೆಯೇ ಸರಿ. ಮುಂದಾಳುತನವೆಂಬುದು ಇಲ್ಲಿ ಅಲಂಕಾರವಲ್ಲ. ಅದು ಆಟದ ಸಾಮಗ್ರಿಗಳಲ್ಲಿ ಒಂದು.

ಈ ಸಾಮಗ್ರಿಯು ನಮ್ಮಲ್ಲಿ ಎಷ್ಟು ತುಕ್ಕು ಹಿಡಿದಿದೆಯೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆವು. ೨೦೧೮ರಲ್ಲಿ ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗಿಗೆ ಹೋಗಲು ಅರ್ಹನಾದ ಸ್ಕೀ ಓಟಗಾರನು ಸೈನ್ಯಕ್ಕೆ ಸೇರಿದ ಜಗದೀಶ ಸಿಂಗ್. ಆತನ ಜೊತೆಯಲ್ಲಿ ಶಿಕ್ಷಕರಾಗಿ ಹೋಗತಕ್ಕವರು ಯಾರು? ಸೈನ್ಯದವರು ತಮ್ಮ ಶಿಕ್ಷಕನೆಂದರು. ಹಿಮಕ್ರೀಡೆಗಳ ಫೆಡರೇಷನ್ನಿನವರು ತಮ್ಮ ಮನುಷ್ಯನೆಂದರು. ಈ ಜಗ್ಗಾಟದಲ್ಲಿ ಓಡಬೇಕಾದವನ ಪ್ರಯಾಣವೇ ಕೆಲಕಾಲ ಸಂದೇಹಕ್ಕೊಳಗಾಯಿತು. ಮದುವೆಯ ಗಂಡನ್ನು ಮನೆಯಲ್ಲಿ ಬಿಟ್ಟು ದಿಬ್ಬಣದವರು ಬಂಡಿಯಲ್ಲಿ ಜಾಗಕ್ಕಾಗಿ ಕಾದಾಡಿದಂತೆ ಇದ್ದಿತೆಂದರೆ ಅತಿಶಯೋಕ್ತಿಯಲ್ಲ.

ಎರಡನೆಯದು ಡೆಹರಾಡೂನಿನದು. ೨೦೧೧ನೆಯ ಜನವರಿಯಲ್ಲಿ ಅಲ್ಲಿಯೂ ಔಲಿಯಲ್ಲಿಯೂ ದಕ್ಷಿಣ ಏಷ್ಯಾದ ಪ್ರಥಮ ಚಳಿಗಾಲದ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಡೆಹರಾಡೂನಿನಲ್ಲಿ ಮಂಜುಗಡ್ಡೆಯ ಒಳಾಂಗಣವೊಂದನ್ನು ಬಹಳ ಹಣ ಸುರಿದು ಕಟ್ಟಿದರು. ಕೂಟ ಮುಗಿಯಿತು, ಭಾಷಣಗಳಾದುವು, ಅತಿಥಿಗಳು ತೆರಳಿದರು. ಆ ಮೇಲೆ ಆ ಕಟ್ಟಡವು ವರ್ಷಗಟ್ಟಲೆ ಉಪಯೋಗವಿಲ್ಲದೆ ಬಿದ್ದಿದ್ದಿತು. ೨೦೨೫ರಲ್ಲಿ ಅದನ್ನು ಮತ್ತೆ ಸಜ್ಜುಗೊಳಿಸಿ ಏಷ್ಯಾದ ಸ್ಕೇಟಿಂಗ್ ಪಂದ್ಯವೊಂದನ್ನು ನಡೆಸಿದರು. ಇದು ಸಂತೋಷದ ಸಮಾಚಾರ. ಆದರೆ ೨೦೧೧ರಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳಿಗೆ ಅಷ್ಟು ಹೊತ್ತಿಗೆ ಇಪ್ಪತ್ತನಾಲ್ಕು ತುಂಬಿದ್ದಿತು. ಕಲಿಯುವ ವಯಸ್ಸನ್ನು ಅವರಿಗೆ ಯಾವ ಕಾರ್ಯಕಾರಿ ಮಂಡಲಿಯೂ ಹಿಂದಿರುಗಿಸಲಾರದು.

ಇಷ್ಟು ಅವ್ಯವಸ್ಥೆಯಲ್ಲಿಯೂ ನಮ್ಮವರು ಹಿಮದ ಮೇಲೆ ಇಳಿಯುತ್ತ ಬಂದಿರುವುದಾದರೂ ಹೇಗೆ? ೧೯೬೪ರಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಜೆರೆಮಿ ಬುಜಾಕೋವ್‌ಸ್ಕಿ ಭಾರತದ ಪರವಾಗಿ ಇಳಿದರು. ೧೯೮೮ರಲ್ಲಿ ಕ್ಯಾಲ್ಗರಿಯಲ್ಲಿ ಶೈಲಜಾ ಕುಮಾರ್ ಎಂಬ ಮಹಿಳೆ, ಇಂಥ ಕೂಟದಲ್ಲಿ ನಮ್ಮ ದೇಶದ ಪ್ರಥಮ ಸ್ತ್ರೀ, ಭಾಗವಹಿಸಿದರು. ೨೦೨೨ರಲ್ಲಿ ಬೀಜಿಂಗಿಗೆ ಹೋದ ಏಕೈಕ ಸ್ಪರ್ಧಾಳು ಕಾಶ್ಮೀರದ ಆರಿಫ್ ಖಾನ್ ೪೫ನೆಯವರಾಗಿ ಮುಗಿಸಿದರು. ಇವರ ಹಿಂದೆ ನಿಂತದ್ದು ಬಹುಮಟ್ಟಿಗೆ ಮನೆಯವರು, ಗುಲ್ಮಾರ್ಗದ ಸೈನಿಕ ಶಾಲೆ, ಔಲಿಯಲ್ಲಿರುವ ಗಡಿ ಪೊಲೀಸರ ಶಿಕ್ಷಣಾಲಯ, ಮನಾಲಿಯ ಪರ್ವತಾರೋಹಣ ಸಂಸ್ಥೆ ಮೊದಲಾದುವು. ಗಡಿ ಕಾಯುವುದಕ್ಕಾಗಿ ಸ್ಕೀ ಕಲಿತವರೇ ನಮ್ಮ ಆಟಗಾರರ ಗುರುಗಳಾದರು. ಫೆಡರೇಷನ್ನಿನ ಪಾತ್ರವು ಅನೇಕ ವೇಳೆ ಮುದ್ರೆಯೊತ್ತುವುದರಲ್ಲಿಯೇ ಮುಗಿಯಿತೆಂದು ನಮ್ಮ ಅಭಿಪ್ರಾಯ.

ನಾರ್ವೆಯ ಮಾತನ್ನು ಎತ್ತದಿದ್ದರೆ ಈ ಪ್ರಸ್ತಾಪ ಪೂರ್ತಿಯಾಗದು. ಅಲ್ಲಿಯ ಜನಸಂಖ್ಯೆ ಸುಮಾರು ೫೫ ಲಕ್ಷ. ನಮ್ಮ ಬೆಂಗಳೂರು ನಗರಕ್ಕಿಂತ ಕಡಮೆ. ೨೦೧೮ರಲ್ಲಿ ಅವರು ಗೆದ್ದ ಪದಕಗಳು ೩೯. ೨೦೨೨ರಲ್ಲಿ ಚಿನ್ನದ ಪದಕಗಳೇ ೧೬. ಅಲ್ಲಿ ಹಿಮ ಬೀಳುವುದು, ಇಲ್ಲಿ ಬೀಳದು ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಆ ಮಾತಿನಲ್ಲಿ ಬಹಳಷ್ಟು ಸತ್ಯವೂ ಉಂಟು. ಆದರೆ ೧೯೦೮ರಲ್ಲಿ ಸ್ಥಾಪಿತವಾದ ಅವರ ಸ್ಕೀ ಸಂಸ್ಥೆಯ ಬೇರು ಊರೂರಿನ ಕೂಟಗಳಲ್ಲಿದೆ. ಅಲ್ಲಿ ತಂದೆತಾಯಂದಿರೇ ದಾರಿಯನ್ನು ಹಸನುಮಾಡುವರು, ಮಕ್ಕಳಿಗೆ ಕಲಿಸುವರು. ಮೇಲಿನ ಮಂಡಲಿಯು ಕೆಳಗಿನಿಂದ ಬೆಳೆದುದು. ದೊಡ್ಡ ಪಂದ್ಯಗಳಿಗೆ ಅವರು ಹೊರಟಾಗ ಸ್ಕೀಗಳ ಅಡಿಗೆ ಮೇಣ ಬಳಿಯುವ ಕುಶಲರ ತಂಡವೊಂದು ತನ್ನದೇ ದೊಡ್ಡ ಲಾರಿಯಲ್ಲಿ ಹಿಂದೆಯೇ ಹೊರಡುವುದು. ಏಕೆಂದರೆ ಆ ದಿನದ ಹಿಮಕ್ಕೆ ತಕ್ಕ ಮೇಣವಿಲ್ಲದೆ ಎಂಥ ಓಟಗಾರನೂ ಗೆಲ್ಲಲಾರನು. ನಮ್ಮಲ್ಲಿ ಜೊತೆಗೆ ಹೋಗುವವರ ಪಟ್ಟಿ ತಯಾರಾಗುವಾಗ ಮೇಣದ ಚಿಂತೆ ಯಾರಿಗಿರುವುದೋ ವಿಚಾರಿಸಬೇಕು.

ಹಿಮವಿಲ್ಲದ ನಾಡಿನವರಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯು ೨೦೨೪ರಲ್ಲಿ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕದ ಪರವಾಗಿ ಸ್ಕೀ ಓಟದಲ್ಲಿ ಚಿನ್ನದ ಪದಕಗಳನ್ನು ಗೆದ್ದುದನ್ನು ಅವರು ಕೇಳಿರಲಾರರು. ಕಾಫಿಯ ತೋಟಗಳ ನಾಡಿನಿಂದ ಹೋದವರು ಹಿಮದಲ್ಲಿ ಮುಂದಾಗಬಲ್ಲರೆಂದ ಮೇಲೆ, ಅವರ ಹೆಸರನ್ನು ಪಂದ್ಯಗಳಿಗೆ ಕಳುಹಿಸುವ ಕಛೇರಿಯಲ್ಲಿ ಯಾರು ಕುಳಿತಿರುವರೆಂಬುದು ನಮ್ಮ ಮನೆಯ ವಿಚಾರವೂ ಆಯಿತು.

ಇತ್ತೀಚಿನ ವರ್ಷಗಳಲ್ಲಿ ಕೆಲವು ಸುಧಾರಣೆಗಳು ಆಗಿರುವುದನ್ನು ನಾವು ಮರೆಮಾಚುವುದಿಲ್ಲ. ೨೦೨೨ರಲ್ಲಿ ಒಲಿಂಪಿಕ್ ಅಸೋಸಿಯೇಷನ್ನಿಗೆ ಹೊಸ ನಿಬಂಧನೆಯಾಗಿ, ಆಟಗಾರರ ಸಮಿತಿಯೊಂದು ಏರ್ಪಟ್ಟಿತು. ಅದರ ಹತ್ತು ಮಂದಿ ಚುನಾಯಿತ ಸದಸ್ಯರಲ್ಲಿ ಕೇಶವನ್ ಒಬ್ಬರು. ಅದೇ ವರ್ಷ ಡಿಸೆಂಬರಿನಲ್ಲಿ ಓಟಗಾರ್ತಿ ಶ್ರೀಮತಿ ಪಿ. ಟಿ. ಉಷಾ ಅಧ್ಯಕ್ಷಸ್ಥಾನಕ್ಕೆ ಬಂದರು. ಆಟಗಾರರು ಪೀಠವೇರಿದ ಮಾತ್ರಕ್ಕೆ ರಾಮರಾಜ್ಯವಾಗದೆಂಬುದಕ್ಕೆ, ೨೦೨೪ರಲ್ಲಿ ಮುಖ್ಯ ಕಾರ್ಯನಿರ್ವಾಹಕರ ನೇಮಕದ ವಿಷಯವಾಗಿ ಅವರಿಗೂ ಮಂಡಲಿಯ ಬಹುಮತದವರಿಗೂ ಬಹಿರಂಗವಾಗಿ ನಡೆದ ಕಲಹವೇ ಸಾಕ್ಷಿ. ೨೦೨೫ನೆಯ ಆಗಸ್ಟಿನಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯನ್ನು ಅಂಗೀಕರಿಸಿತು. ರಾಷ್ಟ್ರೀಯ ಸಂಸ್ಥೆಯ ಕಾರ್ಯಕಾರಿ ಮಂಡಲಿಯಲ್ಲಿ ೧೫ಕ್ಕಿಂತ ಹೆಚ್ಚು ಮಂದಿ ಇರಕೂಡದು. ಅವರಲ್ಲಿ ನಾಲ್ವರಾದರೂ ಸ್ತ್ರೀಯರೂ, ಇಬ್ಬರಾದರೂ ಹೆಸರುಗಳಿಸಿದ ಆಟಗಾರರೂ ಇರಬೇಕು. ವ್ಯಾಜ್ಯಗಳ ತೀರ್ಮಾನಕ್ಕೆ ಪ್ರತ್ಯೇಕ ನ್ಯಾಯಮಂಡಲಿ ಇರಬೇಕು ಎಂದು ಮುಂತಾಗಿ ಅದರಲ್ಲಿ ವಿಧಿಸಿದೆ.

ಕಾಯಿದೆ ಒಳ್ಳೆಯದೇ. ಹಿಮಕ್ರೀಡೆಗಳ ಮಟ್ಟಿಗೆ ನಾವು ಕೇಳುವುದು ಅದಕ್ಕಿಂತಲೂ ಸರಳವಾದುದು. ಯಾವ ಯಾವ ಪಂದ್ಯಗಳಿಗೆ ಯಾರ ಯಾರ ಹೆಸರನ್ನು ಕಳುಹಿಸಿದೆವೆಂಬುದನ್ನು ಸಂಸ್ಥೆಯವರು ಚಳಿಗಾಲಕ್ಕೆ ಮುಂಚೆಯೇ ಪ್ರಕಟಿಸಲಿ. ಜೊತೆಗೆ ಹೋಗುವವರ ಪಟ್ಟಿಯನ್ನು, ಪ್ರತಿಯೊಬ್ಬರೂ ಅಲ್ಲಿ ಮಾಡತಕ್ಕ ಕೆಲಸವನ್ನು ಹೆಸರಿನ ಮುಂದೆ ಕಾಣಿಸಿ, ಆಟಗಾರರ ಒಪ್ಪಿಗೆಯನ್ನು ಪಡೆದು, ಪ್ರಯಾಣಕ್ಕೆ ಒಂದು ತಿಂಗಳು ಮೊದಲೇ ಸ್ಥಿರಪಡಿಸಲಿ. ಚುನಾವಣೆಗಳನ್ನು ಬೇಸಗೆಯಲ್ಲಿ ನಡೆಸಲಿ; ಹಿಮ ಕರಗಿರುವ ಆ ತಿಂಗಳುಗಳಲ್ಲಿ ಪದಾಧಿಕಾರಿಗಳಿಗೆ ಬೇರೆ ಕೆಲಸವೂ ಅಷ್ಟಾಗಿ ಇರಲಾರದು.