ಮನೆಯ ಟೀವಿಯೂ ಮನೆಯ ಮಕ್ಕಳೂ



ಹೋರಿಗರುವನ್ನು ಪಳಗಿಸುವುದು ಹೇಗೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ದಿನವೇ ನೊಗ ಹೇರಿ ಬಾರುಕೋಲಿನಿಂದ ಬಡಿದರೆ ಅದು ಮುಂದೆ ನೊಗ ಕಂಡಾಗಲೆಲ್ಲ ಬೆದರುತ್ತದೆ. ತಿಳಿದ ಒಕ್ಕಲಿಗನು ಹಾಗೆ ಮಾಡುವುದಿಲ್ಲ. ಮೈದಡವಿ, ಹೆಸರು ಹಿಡಿದು ಕೂಗಿ, ಹಳೆಯ ಎತ್ತಿನ ಜೊತೆಗೆ ಕಟ್ಟಿ, ದಿನಕ್ಕಿಷ್ಟು ಎಂದು ನಡೆಸುತ್ತಾನೆ. ಇಷ್ಟೊಂದು ತಾಳ್ಮೆಯುಳ್ಳ ನಾವು ಸಂಜೆ ಮನೆಗೆ ಬಂದು, ಮಗು ಟೀವಿಯ ಮುಂದಿನಿಂದ ಏಳಲಿಲ್ಲವೆಂದರೆ ಮಾತ್ರ ಒಂದೇ ಕ್ಷಣದಲ್ಲಿ ಕೈಯೆತ್ತುತ್ತೇವೆ. ಇಲ್ಲವೇ, ದಣಿದು ಬಂದಿರುತ್ತೇವಾದ್ದರಿಂದ, ‘ಹಾಳಾಗಿ ಹೋಗಲಿ, ನೋಡಿಕೊಳ್ಳಲಿ’ ಎಂದು ಬಿಟ್ಟುಬಿಡುತ್ತೇವೆ. ಈ ಎರಡು ದಾರಿಗಳ ನಡುವೆ ಇನ್ನೊಂದು ದಾರಿ ಇದೆಯೆಂಬುದನ್ನು ಹೇಳುವುದಕ್ಕಾಗಿ ಈ ಲೇಖನ.

ಟೀವಿಯೆಂಬುದು ನಮ್ಮ ಹಳ್ಳಿಗಳಿಗೆ ವೈರಿಯಾಗಿ ಬಂದುದಲ್ಲ. ದೆಹಲಿಯ ಸುತ್ತಲಿನ ಹಳ್ಳಿಗಳ ರೈತರಿಗಾಗಿ 1967ರ ಜನವರಿ 26ರಂದೇ ‘ಕೃಷಿ ದರ್ಶನ’ವೆಂಬ ಕಾರ್ಯಕ್ರಮ ಆರಂಭವಾಯಿತು. ನಮ್ಮ ನಾಡಿನ ಸರದಿ 1975ರ ಆಗಸ್ಟ್ ಒಂದನೆಯ ತಾರೀಖಿನಂದು ಬಂತು. ಅಂದಿನಿಂದ ಒಂದು ವರ್ಷ ಕಾಲ, ಅಮೆರಿಕದ ಒಂದು ಉಪಗ್ರಹದ ಮೂಲಕ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಪೆಟ್ಟಿಗೆ ಇದ್ದುದು ಯಾರ ಮನೆಯಲ್ಲಿಯೂ ಅಲ್ಲ, ಶಾಲೆಯಲ್ಲಿ, ಪಂಚಾಯಿತಿಯಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಎಲ್ಲ ಕೂಡಿಸಿದರೆ ದಿನಕ್ಕೆ ನಾಲ್ಕು ತಾಸು. ಆಮೇಲೆ ಕಾರ್ಯಕ್ರಮವೇ ಮುಗಿಯುತ್ತಿತ್ತು. ಜನ ಎದ್ದು ಮನೆಗೆ ಹೋಗುತ್ತಿದ್ದರು. ‘ಸಾಕು, ಏಳು’ ಎಂದು ಮಕ್ಕಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಂದಿಗೂ ಅಂದಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಂದು ಕೆರೆಗೆ ತೂಬು ಇತ್ತು. ಬೇಕಾದಷ್ಟು ನೀರು ಬಿಟ್ಟು ಮುಚ್ಚುತ್ತಿದ್ದರು. ಇಂದು ತೂಬೇ ಇಲ್ಲದ ಕೆರೆ. ನೂರಾರು ವಾಹಿನಿಗಳು ಇಪ್ಪತ್ನಾಲ್ಕು ತಾಸೂ ಹರಿಯುತ್ತವೆ, ಜೊತೆಗೆ ಕೈಯಲ್ಲಿ ಮೊಬೈಲು. ತೂಬನ್ನು ಮನೆಯವರೇ ಕಟ್ಟಬೇಕಾಗಿದೆ. ಐದು ವರ್ಷದ ಮಗು ತಾನೇ ಕಟ್ಟಿಕೊಳ್ಳಲಾರದು.

ಎಷ್ಟು ನೋಡಿದರೆ ಸರಿ ಎಂದು ಕೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಹೇಳಿದುದು ಹೀಗಿದೆ: ಒಂದು ವರ್ಷದ ಒಳಗಿನ ಕೂಸಿಗೆ ಟೀವಿ, ಮೊಬೈಲು ಬೇಡವೇ ಬೇಡ, ಎರಡು ತುಂಬುವವರೆಗೂ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘದವರೂ ಇದನ್ನೇ ಹೇಳಿ, ಐದರಿಂದ ಹತ್ತು ವರ್ಷದವರಿಗೆ ಎರಡು ತಾಸಿನ ಒಳಗೆ ಇರಲಿ ಎನ್ನುತ್ತಾರೆ. ದೂರದ ಊರಿನಲ್ಲಿರುವ ಅಪ್ಪನೊಡನೆ ಮಗು ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವುದನ್ನು ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ.

ಕಾರಣಗಳನ್ನೂ ತಿಳಿಯಬೇಕು. ಮೊದಲನೆಯದು ಮಾತು. ಮಗು ಮಾತು ಕಲಿಯುವುದು ಕೇಳಿ ಮಾತ್ರವಲ್ಲ, ಕೊಟ್ಟು ತೆಗೆದುಕೊಂಡು. ಗದ್ದೆಯ ಬದುವಿನ ಮೇಲೆ ಅದು ಬೆರಳು ತೋರಿಸಿ ‘ಅಪ್ಪಾ, ಅದು?’ ಎನ್ನುತ್ತದೆ. ನೀವು ‘ಕೊಕ್ಕರೆ ಕಣೋ, ಮೀನು ಹಿಡಿಯೋಕೆ ನಿಂತಿದೆ’ ಎನ್ನುತ್ತೀರಿ. ಅದು ‘ಕೊಕ್ಕಯೆ’ ಎನ್ನುತ್ತದೆ. ನೀವು ನಗುತ್ತೀರಿ. ಇಷ್ಟರಲ್ಲಿ ಒಂದು ಮಾತು ಬೇರುಬಿಟ್ಟಿತು. ಟೀವಿ ದಿನವಿಡೀ ಮಾತಾಡಿದರೂ ಮಗುವಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಯಾರೂ ನೋಡದೆ ಅದು ಸುಮ್ಮನೆ ಹಚ್ಚಿಕೊಂಡಿದ್ದರೂ ಮನೆಯ ದೊಡ್ಡವರು ಮಗುವಿನೊಡನೆ ಆಡುವ ಮಾತು ಕಡಿಮೆಯಾಗುತ್ತದೆಂದು ತಜ್ಞರು ಕಂಡಿದ್ದಾರೆ. ಸದ್ದಿಗಾಗಿ ಟೀವಿ ಹಚ್ಚಿಡುವ ಮನೆಗಳು ನಮ್ಮಲ್ಲಿ ಬಹಳ.

ಎರಡನೆಯದು ನಿದ್ದೆ. ಲೆಕ್ಕ ಹಾಕಿ ನೋಡೋಣ. ಧಾರಾವಾಹಿ ಮುಗಿದು ದೀಪ ಆರುವುದು ರಾತ್ರಿ ಹತ್ತೂವರೆಗೆ. ಶಾಲೆಯ ಮಗು ಏಳುವುದು ಆರು ಗಂಟೆಗೆ. ನಿದ್ದೆ ಏಳೂವರೆ ತಾಸು. ಆರರಿಂದ ಹನ್ನೆರಡು ವರ್ಷದ ಮಗುವಿಗೆ ಬೇಕಾದುದು ಕಡಿಮೆಯೆಂದರೂ ಒಂಬತ್ತು ತಾಸು. ದಿನಕ್ಕೆ ಒಂದೂವರೆ ತಾಸಿನ ಸಾಲ; ಶನಿವಾರದ ಹೊತ್ತಿಗೆ ಒಂದು ರಾತ್ರಿಯ ನಿದ್ದೆಯೇ ಬಾಕಿ. ಇಂಥ ಮಗು ಶಾಲೆಯಲ್ಲಿ ತೂಕಡಿಸುತ್ತದೆ, ಮನೆಯಲ್ಲಿ ಸಿಡುಕುತ್ತದೆ. ನಾವು ಅದನ್ನು ದಡ್ಡತನವೆಂದೋ ಹಟಮಾರಿತನವೆಂದೋ ಹೆಸರಿಟ್ಟು ಕರೆಯುತ್ತೇವೆ. ಮಲಗುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಬೆಳಕು ನಿದ್ದೆಯನ್ನೇ ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಮಲಗುವುದಕ್ಕೆ ಒಂದು ತಾಸು ಮೊದಲೇ ಟೀವಿ, ಮೊಬೈಲು ಎರಡೂ ನಿಲ್ಲಬೇಕು. ಕಣ್ಣಿನ ಮಾತೂ ಇದೆ. ಹಗಲು ಬಯಲಿನಲ್ಲಿ ಆಡುವ ಮಕ್ಕಳಿಗೆ ದೂರದೃಷ್ಟಿ ಮಂಕಾಗುವುದು ಕಡಿಮೆ. ಬಯಲು ಹೇರಳವಾಗಿರುವ ಹಳ್ಳಿಯಲ್ಲಿದ್ದು ಮಕ್ಕಳನ್ನು ನಡುಮನೆಯಲ್ಲಿ ಕೂರಿಸುವುದು ನಷ್ಟವೇ ಸರಿ.

ಮೂರನೆಯದು, ಕಂಡದ್ದನ್ನು ಮಾಡುವ ಬುದ್ಧಿ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬಂಡೂರ ಎಂಬ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿಕ್ಕ ಮಕ್ಕಳ ಕಣ್ಣೆದುರಿಗೆ ದೊಡ್ಡವರೊಬ್ಬರು ಒಂದು ದೊಡ್ಡ ಗೊಂಬೆಯನ್ನು ಗುದ್ದಿ, ಒದ್ದು, ಬೈದರು. ಬಳಿಕ ಆ ಗೊಂಬೆ ಮಕ್ಕಳ ಕೈಗೆ ಸಿಕ್ಕಾಗ ಅನೇಕರು ಅದೇ ಏಟು ಹಾಕಿದರು, ಅದೇ ಮಾತು ಆಡಿದರು. ಎರಡು ವರ್ಷದ ಮೇಲೆ ಅದನ್ನೇ ಸಿನಿಮಾದಲ್ಲಿ ತೋರಿಸಿದಾಗಲೂ ಹಾಗೆಯೇ ಆಯಿತು. ಇದರಿಂದ ಟೀವಿಯ ಹೊಡೆದಾಟ ಕೆಟ್ಟದ್ದೆಂದು ಮಾತ್ರ ತಿಳಿದು ಸುಮ್ಮನಾಗಬೇಡಿ. ಮಗು ಅತಿ ಹೆಚ್ಚಾಗಿ ನೋಡುವ ದೊಡ್ಡವರು ನಾವೇ. ನಾವು ಹೊಡೆದರೆ ಅದು ತಂಗಿಗೆ ಹೊಡೆಯುತ್ತದೆ.

ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳಬೇಕು. ಊರೂರಿಗೆ ಹೋಗಿ ನಾಲ್ಕು ಮಾತು ಹೇಳುವವನು ನಾನು. ಆದರೂ ನಡೆದುದು ನಡೆಯಿತು. ಆಗ ನನ್ನ ಮಗನಿಗೆ ಏಳು ವರ್ಷ. ಒಂದು ಸಂಜೆ ಮೂರು ಸಲ ಕರೆದರೂ ಟೀವಿ ಬಿಟ್ಟು ಏಳಲಿಲ್ಲ. ಕೈಯಲ್ಲಿದ್ದ ರಿಮೋಟು ಕಿತ್ತುಕೊಂಡು ಕೆನ್ನೆಗೆ ಬಾರಿಸಿದೆ. ಅವನು ಅಳಲಿಲ್ಲ, ಎದ್ದು ಹೊರಗೆ ಹೋದ. ಹಿತ್ತಲಲ್ಲಿ ಇರಬಹುದೆಂದುಕೊಂಡೆವು. ಎಂಟು ಗಂಟೆಯಾದರೂ ಬರಲಿಲ್ಲ. ತೋಟದಲ್ಲಿ ಕಟ್ಟೆಯಿಲ್ಲದ ಬಾವಿಯಿದೆ. ಬ್ಯಾಟರಿ ಹಿಡಿದು ಅದರ ನೀರಿನ ಮೇಲೆ ಬೆಳಕು ಬಿಟ್ಟು ನೋಡಿದ ಆ ಹೊತ್ತನ್ನು ನಾನು ಮರೆಯಲಾರೆ. ಕೊನೆಗೆ ಮೂರನೆಯ ಮನೆಯ ಜಗಲಿಯ ಮೇಲೆ, ಕಿಟಕಿಯ ಸರಳು ಹಿಡಿದು ಅವರ ಟೀವಿಯನ್ನೇ ನೋಡುತ್ತ ನಿಂತಿದ್ದ. ‘ಹೊಡೀತೀಯ ಅಂತ ಮನೆಗೆ ಬರ್ಲಿಲ್ಲ ಅಪ್ಪಾ’ ಎಂದ. ನನ್ನ ಏಟಿನಿಂದ ಅವನಿಗೆ ಟೀವಿಯ ಆಸೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಮನೆಗೆ ಬರುವ ಆಸೆ ಕಡಿಮೆಯಾಗಿತ್ತು.

ಮರುದಿನ ಅವನನ್ನೇ ಕೂರಿಸಿಕೊಂಡು ಒಂದು ಕರಾರು ಮಾಡಿಕೊಂಡೆವು. ನಮ್ಮ ಮನೆಯಲ್ಲಿ ಹಾಲು ಕರೆದು ಡೈರಿಗೆ ಹಾಕಿ ಬರುವುದು ಒಂದು ಗೊತ್ತಾದ ಹೊತ್ತು. ಹಾಲಿನ ಕ್ಯಾನು ಮನೆಗೆ ಬಂದ ಮೇಲೆ ಟೀವಿ, ಒಂದು ಕಾರ್ಯಕ್ರಮ, ಅದು ಯಾವುದೆಂದು ಅವನೇ ಆರಿಸಬೇಕು, ಮುಗಿದೊಡನೆ ಅವನೇ ಗುಂಡಿ ಒತ್ತಿ ಆರಿಸಬೇಕು. ಗಡಿಯಾರಕ್ಕಿಂತ ಮನೆಯ ಕೆಲಸಕ್ಕೆ ಗಂಟು ಹಾಕಿದ ನಿಯಮ ಮಕ್ಕಳಿಗೆ ಬೇಗ ಹಿಡಿಯುತ್ತದೆ. ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ‘ಇನ್ನು ಐದು ನಿಮಿಷ’ ಎಂದು ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು ಹೇಳಬೇಕು. ಅಡಿಗೆಮನೆಯಿಂದ ಕೂಗಿದ್ದು ಅದರ ಕಿವಿಗೆ ಬೀಳುವುದಿಲ್ಲ.

ಈಗ ಮುಖ್ಯ ಮಾತು. ಕರಾರು ಮಾಡಿದ ಮೊದಲ ವಾರ ಮಗುವಿನ ಹಟ ಇಳಿಯುವುದಿಲ್ಲ, ಏರುತ್ತದೆ. ನೆಲದ ಮೇಲೆ ಹೊರಳುತ್ತದೆ, ಕೂಗಿ ಮನೆ ಎತ್ತಿಡುತ್ತದೆ. ಇದನ್ನು ಕಂಡು ‘ಈ ಉಪಾಯ ನಡೆಯದು’ ಎಂದು ಬಿಟ್ಟುಬಿಡುವವರೇ ಹೆಚ್ಚು. ಹಿಂದೆಲ್ಲ ಅತ್ತಾಗ ಸಿಕ್ಕಿದ್ದು ಈಗ ಸಿಗಲಿಲ್ಲವಾದ್ದರಿಂದ ಮಗು ಇನ್ನೂ ಜೋರಾಗಿ ಅತ್ತು ನೋಡುತ್ತದೆ, ಅಷ್ಟೆ. ಬೇಲಿಯ ಸಂದಿಯಲ್ಲಿ ನುಗ್ಗಿ ಮೇಯುವ ಚಾಳಿ ಬಿದ್ದ ದನವೂ ಬೇಲಿ ಬಿಗಿದ ಮೊದಲ ದಿನ ಹೆಚ್ಚು ಜೋರಿನಿಂದಲೇ ತಳ್ಳುತ್ತದಲ್ಲವೇ? ಆ ಹೊತ್ತಿನಲ್ಲಿ ಬೈಯದೆ, ಹೊಡೆಯದೆ, ಉಪದೇಶವನ್ನೂ ಹೇಳದೆ ನಿಮ್ಮ ಕೆಲಸ ನೀವು ನೋಡಿಕೊಳ್ಳಿ. ಪೆಟ್ಟು ಮಾಡಿಕೊಳ್ಳದಂತೆ ಮಾತ್ರ ಕಣ್ಣಿಡಿ. ಅಳು ನಿಂತೊಡನೆ ಏನೂ ಆಗಿಲ್ಲವೆಂಬಂತೆ ಕರೆದು ಮಾತಾಡಿಸಿ. ನಾಲ್ಕು ದಿನ ಬಿಗಿಯಾಗಿದ್ದು ಐದನೆಯ ದಿನ ಸೋತು ಟೀವಿ ಹಚ್ಚಿಕೊಟ್ಟರೆ ಮೊದಲಿಗಿಂತ ಕೆಡುಕು. ಇಷ್ಟು ಹೊತ್ತು ಅತ್ತರೆ ಸಿಗುತ್ತದೆ ಎಂಬ ಲೆಕ್ಕ ಮಗುವಿಗೆ ಗೊತ್ತಾಗಿಬಿಡುತ್ತದೆ. ನಮ್ಮ ಮನೆಯಲ್ಲಿಯೂ ನೆಂಟರು ಬಂದ ದಿನ ಕರಾರು ಮುರಿಯಿತು; ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಮನೆಯವರೆಲ್ಲ ಒಂದೇ ಮಾತಿನಲ್ಲಿರಬೇಕೆಂಬುದು ಇದಕ್ಕಾಗಿಯೇ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಡುವುದುಂಟು, ಪ್ರೀತಿಯಿಂದಲೇ ಕೊಡುತ್ತಾರೆ. ಸೊಸೆ ಈ ಮಾತೆತ್ತಿದರೆ ಜಗಳವಾದೀತು. ಮಗನೇ ತನ್ನ ತಾಯಿಗೆ ತಿಳಿಯಹೇಳುವುದು ಲೇಸು. ಬರಿಗೈಯಲ್ಲಿ ಹೇಳುವುದಕ್ಕಿಂತ ‘ಅವ್ವಾ, ಆ ಹೊತ್ತಿಗೆ ನೀನೊಂದು ಕಥೆ ಹೇಳು’ ಎಂದು ಅಜ್ಜಿಗೇ ಒಂದು ಪಾತ್ರ ಕೊಡಿ. ಅಪ್ಪಂದಿರೂ ಗಮನಿಸಬೇಕು: ಕ್ರಿಕೆಟ್ಟು ಇರುವ ದಿನ ನೀವು ನಡುರಾತ್ರಿಯವರೆಗೆ ಕೂತು ಮಗುವಿಗೆ ಮಾತ್ರ ‘ಮಲಗು’ ಎಂದರೆ ನಡೆಯುವುದಿಲ್ಲ. ತಾಯಂದಿರ ಧಾರಾವಾಹಿಗೂ ಇದೇ ಮಾತು ಅನ್ವಯಿಸುತ್ತದೆ.

ಹೊಗಳುವ ವಿಷಯದಲ್ಲಿ ನಮ್ಮವರು ಜಿಪುಣರು. ಎದುರಿಗೆ ಹೊಗಳಿದರೆ ಮಗು ಕೊಬ್ಬುತ್ತದೆ, ದೃಷ್ಟಿ ತಾಕುತ್ತದೆ ಎಂದು ಹಿರಿಯರು ಹೆದರುತ್ತಾರೆ. ‘ನೀನು ಭಾರಿ ಜಾಣ’ ಎಂಬ ಹೊಗಳಿಕೆಯನ್ನು ಬೇಕಾದರೆ ಬಿಡಿ. ಮಾಡಿದ ಕೆಲಸವನ್ನು ಹೆಸರಿಸಿ ಹೇಳಿ: ‘ಇವತ್ತು ನೀನೇ ಎದ್ದು ಟೀವಿ ಆರಿಸಿದೆ ಮಗಾ, ನನಗೆ ಸಂತೋಷವಾಯ್ತು.’ ಏನು ಮಾಡಿದ್ದಕ್ಕೆ ಮೆಚ್ಚುಗೆ ಬಂತೆಂದು ಮಗುವಿಗೆ ತಿಳಿಯುತ್ತದೆ. ನಾಳೆ ಮತ್ತೆ ಮಾಡುತ್ತದೆ. ತಪ್ಪು ಮಾಡಿದಾಗ ಮಾತ್ರ ಅಪ್ಪ ನನ್ನ ಕಡೆ ನೋಡುತ್ತಾನೆಂದು ಮಗುವಿಗೆ ಅನ್ನಿಸಿದರೆ ಅದು ತಪ್ಪನ್ನೇ ಮಾಡುತ್ತದೆ.

ಊಟ ಮಾಡಿದರೆ ಟೀವಿ, ಓದಿದರೆ ಮೊಬೈಲು ಎಂದು ಆಸೆ ತೋರಿಸುವುದು ಸುಲಭ. ಆದರೆ ಅದರಿಂದ ಟೀವಿಯ ಬೆಲೆ ಏರಿ ಅನ್ನದ ಬೆಲೆ ಇಳಿಯುತ್ತದೆ. ಟೀವಿ ನೋಡುತ್ತ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯದು, ತಟ್ಟೆಯಲ್ಲಿ ಸೊಪ್ಪಿತ್ತೋ ಬೇಳೆಯಿತ್ತೋ ಅದೂ ತಿಳಿಯದು.

ನೋಡುವ ಹೊತ್ತಿನಲ್ಲಿ ಆದಷ್ಟು ಜೊತೆಗೆ ಕೂರಿ. ಪ್ರಾಣಿಗಳ ಕಾರ್ಯಕ್ರಮವೋ ಕೃಷಿಯ ಕಾರ್ಯಕ್ರಮವೋ ಬಂದರೆ ‘ನಮ್ಮ ಹೊಲದಲ್ಲಿ ಹೀಗಿದೆಯೇ?’ ಎಂದು ಕೇಳಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಇದೇ ಪೆಟ್ಟಿಗೆಯಲ್ಲಿ, ಚಂದನ ವಾಹಿನಿಯ ಮೂಲಕ, ಮಕ್ಕಳಿಗೆ ಪಾಠ ಬಂದುದನ್ನು ಮರೆಯುವಂತಿಲ್ಲ. ಜಾಹೀರಾತು ಬಂದಾಗ ‘ಇವರು ಅದನ್ನು ಮಾರುವುದಕ್ಕೆ ಹೀಗೆ ಹೇಳುತ್ತಿದ್ದಾರೆ’ ಎಂದು ಬಿಡಿಸಿ ಹೇಳಿ. ಏಳೆಂಟು ವರ್ಷದವರೆಗೂ ಮಕ್ಕಳಿಗೆ ಈ ಮರ್ಮ ತಾನಾಗಿ ಹೊಳೆಯುವುದಿಲ್ಲ. ಸಂತೆಯಲ್ಲಿ ಬಣ್ಣದ ಪೊಟ್ಟಣಕ್ಕಾಗಿ ಹಟ ಹಿಡಿಯುವುದು ಇದರಿಂದಲೇ.

ನಾಟಿ, ಕಳೆ, ಕೊಯ್ಲಿನ ದಿನಗಳ ಕಷ್ಟ ನನಗೆ ಗೊತ್ತು. ಮನೆಯಲ್ಲಿ ಯಾರೂ ಇಲ್ಲದಿರುವಾಗ ಮಗು ಬೀದಿಗೋ ಬಾವಿಗೋ ಹೋಗದಿರಲೆಂದು ಟೀವಿ ಹಚ್ಚಿಟ್ಟು ಹೋಗುವ ತಾಯಿಯನ್ನು ನಾನು ದೂರಲಾರೆ. ಅಂಗನವಾಡಿ ಇರುವವರೆಗೆ ಅಲ್ಲಿ ಬಿಡಿ. ಉಳಿದ ಹೊತ್ತಿಗೆ ನೆರೆಹೊರೆಯ ನಾಲ್ಕು ಮನೆಯವರು ಸರದಿಯ ಮೇಲೆ ಒಬ್ಬರು ಉಳಿದು ಮಕ್ಕಳನ್ನು ನೋಡಿಕೊಳ್ಳಬಹುದು. ಮುಯ್ಯಾಳು ನಮಗೆ ಹೊಸದೇನೂ ಅಲ್ಲ. ಅಟ್ಟದ ಮೇಲಿನ ಅಳಗುಳಿ ಮಣೆಯನ್ನು ಕೆಳಗಿಳಿಸಿ ಹುಣಸೆಬೀಜ ಕೊಟ್ಟರೆ ಎಣಿಕೆ ತಾನಾಗಿ ಬರುತ್ತದೆ. ಚೌಕಾಬಾರ, ಲಗೋರಿ, ಕುಂಟೆಬಿಲ್ಲೆಗೆ ಖರ್ಚಿಲ್ಲ. ಕೋಳಿಗೆ ಕಾಳು ಹಾಕುವುದು, ಒಂದು ಪಾತಿಗೆ ನೀರು ಹೊಯ್ಯುವುದು, ಇಂಥ ಸಣ್ಣ ಕೆಲಸವನ್ನು ‘ಇದು ನಿನ್ನದು’ ಎಂದು ವಹಿಸಿಕೊಡಿ. ಟೀವಿ ಕಿತ್ತುಕೊಂಡು ಆ ಜಾಗವನ್ನು ಬರಿದಾಗಿ ಬಿಟ್ಟರೆ ಮಗು ಮತ್ತೆ ಅಲ್ಲಿಗೇ ಹೋಗುತ್ತದೆ.

ಪೆಟ್ಟಿಗೆಯನ್ನು ಅಲ್ಲಾಡುವ ಸ್ಟೂಲಿನ ಮೇಲೋ ಕಬ್ಬಿಣದ ಪೆಟ್ಟಿಗೆಯ ತುದಿಯಲ್ಲೋ ಇಡಬೇಡಿ. ಮಕ್ಕಳು ಎಳೆದು ಮೈಮೇಲೆ ಕೆಡವಿಕೊಳ್ಳುತ್ತಾರೆ. ಗೋಡೆಗೆ ಬಿಗಿಯಿರಿ. ಗುಡುಗು ಸಿಡಿಲು ಶುರುವಾಗುವ ಮೊದಲೇ ತಂತಿಯನ್ನು ಕಿತ್ತಿಡಿ. ಶುರುವಾದ ಮೇಲೆ ಮುಟ್ಟಬೇಡಿ.

ಎರಡು ವರ್ಷ ತುಂಬಿದರೂ ಮಗು ‘ಅಮ್ಮ ಬಾ’, ‘ಹಾಲು ಕೊಡು’ ಎಂದು ಎರಡು ಮಾತು ಜೋಡಿಸದಿದ್ದರೆ, ಇಲ್ಲವೆ ಹೆಸರು ಹಿಡಿದು ಕರೆದರೆ ತಿರುಗಿ ನೋಡದಿದ್ದರೆ, ಎಲ್ಲಕ್ಕೂ ಟೀವಿಯೇ ಕಾರಣವೆಂದು ತೀರ್ಮಾನಿಸಿ ಕೂರಬೇಡಿ. ಕಿವಿಯ ದೋಷ ಇರಬಹುದು, ಬೇರೆ ಕಾರಣವೂ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬುದು 2013ರಿಂದ ನಡೆಯುತ್ತಿದೆ. ಅದರ ವೈದ್ಯರ ತಂಡದವರು ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ, ಹಣ ಕೊಡಬೇಕಾಗಿಲ್ಲ. ಅವರು ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡು, ಆ ದಿನ ಕೂಲಿಗೆ ಹೋಗುವುದಿದ್ದರೂ ಮನೆಯವರೊಬ್ಬರು ಮಗುವಿನ ಜೊತೆಗೆ ಉಳಿಯಿರಿ. ಅಷ್ಟು ದಿನ ಕಾಯುವ ಮನಸ್ಸಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬಹುದು.