ತುಟಿ ಒಡೆದರೆ ಮನೆಯಲ್ಲೇ ಮುಲಾಮು: ಕೊಬ್ಬರಿ ಎಣ್ಣೆ, ಜೇನುಮೇಣ ಸಾಕು

ಮಾಗಿ ಚಳಿ ಶುರುವಾಯ್ತು ಅಂದ್ರೆ ಕಬ್ಬು ಕಡಿಯೋರು, ಬೆಳಗಿನ ಜಾವ ಡೇರಿಗೆ ಹಾಲು ಹಾಕಕ್ಕೆ ಹೋಗೋರು ಎಲ್ಲರದ್ದೂ ಒಂದೇ ಮಾತು: ‘ತುಟಿ ಉರೀತದೆ.’ ಮೈಮೇಲಿನ ಚರ್ಮಕ್ಕೆ ತನ್ನದೇ ಜಿಡ್ಡು, ಬೆವರು ಇರುತ್ತೆ. ತುಟಿಗೆ ಅದು ಇಲ್ಲವೆಂದೇ ಹೇಳಬೇಕು. ಒಣಗಾಳಿಗೆ ಅದು ಬೇಗ ಬಿರಿಯೋದು ಅದಕ್ಕೇ. ನಾಲಿಗೆಯಿಂದ ಸವರಿಕೊಂಡರೆ ಆ ಕ್ಷಣಕ್ಕೆ ಹಾಯ್ ಅನ್ನಿಸಿದರೂ ಎಂಜಲು ಆರುವಾಗ ತುಟಿ ಇನ್ನಷ್ಟು ಒಣಗುತ್ತೆ.

ಇದಕ್ಕೆ ಬೇಕಾದ ಸಾಮಾನು ನಮ್ಮ ತೋಟದಲ್ಲೇ ಇದೆ. ಮದ್ದೂರಿನ ಎಳನೀರು ಮಾರುಕಟ್ಟೆಗೆ ದಿನಾ ಲೋಡುಗಟ್ಟಲೆ ಕಾಯಿ ಕಳಿಸೋ ನಾವು, ನಾಲ್ಕು ಕಾಯಿ ಮರದಲ್ಲೇ ಬಲಿಯಕ್ಕೆ ಬಿಟ್ಟರೆ ಮನೆ ಖರ್ಚಿಗೆ ಕೊಬ್ಬರಿ ಆಗುತ್ತೆ. ಮಂಡ್ಯ, ಮಳವಳ್ಳಿ ಕಡೆ ತೆಂಗಿನ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರನ್ನು ನಾನು ಕೇಳೋದು ಒಂದೇ: ತುಪ್ಪ ತೆಗೆದ ಮೇಲೆ ಹಳೇ ಎರಿ ಬಿಸಾಕಬೇಡಿ, ಅದರಲ್ಲೇ ಮೇಣ ಇರೋದು.

ಮೇಣ ಯಾಕೆ ಬೇಕು?

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತೆ. ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಅದು ಡಬ್ಬಿಯಲ್ಲಿ ನಿಲ್ಲಲ್ಲ, ತುಟಿ ಮೇಲೂ ನಿಲ್ಲಲ್ಲ. ಜೇನುಮೇಣ ಕರಗೋದು 62–64 ಡಿಗ್ರಿಗೆ. ಎಣ್ಣೆಯನ್ನು ಹಿಡಿದು ನಿಲ್ಲಿಸೋದು, ತುಟಿಯ ತೇವ ಆರದಂತೆ ಮೇಲೆ ಪದರ ಕಟ್ಟೋದು ಇದರ ಕೆಲಸ.

ಮೇಣ ತೆಗೆಯೋದು

ಹಳೇ ಎರಿಯನ್ನು ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಪಾತ್ರೆಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮೇಣ ಬಟ್ಟೆಯಿಂದ ಹೊರಬಂದು ನೀರಿನ ಮೇಲೆ ತೇಲುತ್ತೆ, ಕಸ ಒಳಗೇ ಉಳಿಯುತ್ತೆ. ಆರಿದ ಮೇಲೆ ಬಿಲ್ಲೆಯಂತೆ ಎತ್ತಿ, ಅಡಿಯ ಕೊಳೆ ಹೆರೆದು, ನೀರಿನಂಶ ಇಲ್ಲದಂತೆ ಒಣಗಿಸಿ.

ಅಳತೆ

ನಮ್ಮ ಮನೆಯಲ್ಲಿ ನಾನು ಮಾಡೋ ಅಳತೆ ಇದು:

• ಜೇನುಮೇಣ – 10 ಗ್ರಾಂ
• ಗಾಣದ ಕೊಬ್ಬರಿ ಎಣ್ಣೆ – 25 ಗ್ರಾಂ
• ಹರಳೆಣ್ಣೆ – 5 ಗ್ರಾಂ

ಇಷ್ಟಕ್ಕೆ 5 ಗ್ರಾಂನ ಎಂಟು ಡಬ್ಬಿ ಆಗುತ್ತೆ. ಬೇಸಿಗೆಗೆ ಮೇಣ 12 ಗ್ರಾಂ ಮಾಡಿ.

ಮಾಡೋ ವಿಧಾನ

1. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಒಣಗಿದ ಚಿಕ್ಕ ಬಟ್ಟಲು ಇಡಿ. ಮೇಣವನ್ನು ನೇರ ಉರಿ ಮೇಲೆ ಇಡಬೇಡಿ, ಬೆಂಕಿ ಹತ್ತಿಕೊಳ್ಳುತ್ತೆ.
2. ಮೊದಲು ಮೇಣ ಕರಗಿಸಿ, ಆಮೇಲೆ ಎರಡೂ ಎಣ್ಣೆ ಸೇರಿಸಿ ಕಲಕಿ.
3. ಒಂದು ತೊಟ್ಟು ಸ್ಟೀಲ್ ತಟ್ಟೆಗೆ ಬಿಟ್ಟು ಆರಿಸಿ, ಬೆರಳಿಂದ ಒತ್ತಿ ನೋಡಿ. ತೀರ ಗಟ್ಟಿ ಅನ್ನಿಸಿದರೆ ಇನ್ನೊಂದಿಷ್ಟು ಎಣ್ಣೆ, ಮೆತ್ತಗಾದರೆ ಚೂರು ಮೇಣ.
4. ತೊಳೆದು ಪೂರ್ತಿ ಒಣಗಿಸಿದ ಡಬ್ಬಿಗೆ ಬಿಸಿಯಿರುವಾಗಲೇ ಸುರಿದು, ಆರಿದ ಮೇಲೆ ಮುಚ್ಚಳ ಹಾಕಿ.

ಒಣ ಬೆರಳಲ್ಲೇ ತಗೊಳ್ಳಿ. ಕಮಟು ವಾಸನೆ ಬಂದ ದಿನ ಬಿಸಾಕಿ.

ಇವನ್ನು ಹಾಕಬೇಡಿ

ಬಣ್ಣಕ್ಕೆ ಅಂತ ಬೀಟ್‌ರೂಟ್ ರಸ ಹಿಂಡೋರಿದ್ದಾರೆ. ರಸ ಅಂದ್ರೆ ನೀರು. ಅದು ಎಣ್ಣೆಗೆ ಬೆರೆಯಲ್ಲ, ಬೂಷ್ಟು ಹಿಡಿಯುತ್ತೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು. ಜೇನುತುಪ್ಪವೂ ಇದರಲ್ಲಿ ಕೂಡಿಕೊಳ್ಳಲ್ಲ, ವರ್ಷ ತುಂಬದ ಕೂಸಿನ ಬಾಯಿಗಂತೂ ಅದು ತಾಗಲೇಬಾರದು.

ಮುಲಾಮಿಗೆ ಬಗ್ಗದ ತುಟಿ

ತುಟಿಯ ಎರಡೂ ಮೂಲೆ ಸೀಳಿ ಉರಿಯುತ್ತಿದ್ದರೆ ಅದು ಬರೀ ಚಳಿಯಲ್ಲ. ರಕ್ತಹೀನತೆ, ಬಿ ಜೀವಸತ್ವದ ಕೊರತೆ ಅಥವಾ ಶಿಲೀಂಧ್ರ ಸೋಂಕು ಇರಬಹುದು. ತಂಬಾಕು ಹಾಕೋರಿಗೆ ಎರಡು-ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮಾರೋ ಆಲೋಚನೆ ಇದೆಯಾ?

ಸಂಘದ ಹೆಣ್ಣುಮಕ್ಕಳು ನನ್ನನ್ನು ಹೆಚ್ಚು ಕೇಳೋದು ಇದನ್ನೇ. ಮನೆಗೆ, ನೆಂಟರಿಗೆ ಮಾಡಿ ಕೊಟ್ಟರೆ ಯಾರ ತಕರಾರೂ ಇಲ್ಲ. ಮಾರೋದಾದರೆ ಇದು ಸೌಂದರ್ಯವರ್ಧಕ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. ಉಪ್ಪಿನಕಾಯಿ, ಹಪ್ಪಳಕ್ಕೆ ತಗೊಂಡ ಎಫ್‌ಎಸ್‌ಎಸ್‌ಎಐ ನೋಂದಣಿ ಇದಕ್ಕೆ ನಡೆಯಲ್ಲ. ಸಂಘದ ಸಾಲ ಎತ್ತಿ ಡಬ್ಬಿ, ಲೇಬಲ್‌ಗೆ ದುಡ್ಡು ಸುರಿಯೋ ಮುಂಚೆ ಔಷಧ ನಿಯಂತ್ರಣ ಅಧಿಕಾರಿಗಳನ್ನು ವಿಚಾರಿಸಿ. ಅಲ್ಲೀತನಕ ಶೋಧಿಸಿದ ಮೇಣವನ್ನೇ ಬಿಲ್ಲೆ ಮಾಡಿ, ಜೇನು ಸಾಕೋರಿಗೆ, ಮುಲಾಮು ತಯಾರಿಸೋರಿಗೆ ಮಾರೋ ದಾರಿ ಇದ್ದೇ ಇದೆ. ಜೇನು ಸಾಕಣೆ ಹೊಸದಾಗಿ ಶುರು ಮಾಡೋರು ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ತರಬೇತಿ ಯಾವಾಗ ಇದೆ ಅಂತ ಕೇಳಿ.